ಅಳತೆ ಟೇಪು ಹೊರಗೆಡವಿದ ತಾರತಮ್ಯ

1994ರಲ್ಲಿ ಅಮೆರಿಕದ ಎಂಐಟಿಯ ವಿಜ್ಞಾನ ವಿಭಾಗಗಳಲ್ಲಿ ಕಾಯಂ ಹುದ್ದೆಯಲ್ಲಿದ್ದ ಮಹಿಳಾ ಪ್ರಾಧ್ಯಾಪಕರು ಕೇವಲ 15 ಮಂದಿ. ಅವರಲ್ಲೊಬ್ಬರಾದ ಜೀವವಿಜ್ಞಾನಿ ನ್ಯಾನ್ಸಿ ಹಾಪ್‌ಕಿನ್ಸ್, ಪ್ರಯೋಗಾಲಯಕ್ಕೆ ಹೆಚ್ಚು ಜಾಗ ಕೇಳಿ ಕೇಳಿ ಸೋತು, ಕೊನೆಗೆ ಅಳತೆ ಟೇಪು ಹಿಡಿದು ಕೋಣೆಗಳನ್ನೇ ಅಳೆದರು. ಅವರಿಗಿಂತ ಕಿರಿಯ ಪುರುಷರಿಗೂ ಹೆಚ್ಚು ಜಾಗ ದಕ್ಕಿತ್ತು. ಮಹಿಳೆಯರು ಇಷ್ಟು ಕಡಿಮೆ ಇರುವುದಕ್ಕೆ ಕಾರಣ ಅರ್ಹರೇ ಸಿಗದಿರುವುದು ಎಂಬ ವಾದ ಆಗಲೂ ಇತ್ತು, ಈಗಲೂ ಇದೆ. ಆದರೆ ಈ 15 ಮಂದಿ ಅರ್ಹತೆ ಸಾಬೀತುಪಡಿಸಿಯೇ ಒಳಗೆ ಬಂದವರು. ಅವರಿಗೂ ಸಂಬಳ, ಜಾಗ, ಅಧಿಕಾರಗಳಲ್ಲಿ ಕಡಿಮೆ ಪಾಲು ಸಿಕ್ಕಿದೆ ಎಂದು ಎಂಐಟಿಯದೇ 1999ರ ವರದಿ ಹೇಳಿದ ಮೇಲೆ ಆ ವಾದ ನಿಲ್ಲುವುದಿಲ್ಲ. ಯಾರೂ ಬೇಕೆಂದೇ ಮಾಡಿದ್ದಲ್ಲ ಎನ್ನಬಹುದು. ಅದರಿಂದ ಅವರ ನಷ್ಟವೇನೂ ತುಂಬುವುದಿಲ್ಲ. ಸಂಸ್ಥೆಯ ಆಗಿನ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ತಾರತಮ್ಯ ನಿಜವೆಂದು ಬಹಿರಂಗವಾಗಿ ಒಪ್ಪಿಕೊಂಡರು. ನಮ್ಮ ವಿಶ್ವವಿದ್ಯಾಲಯಗಳೂ ಇಂಥದೇ ಲೆಕ್ಕ ಹಾಕಿ ಪ್ರಕಟಿಸಲಿ.