ಪ್ರಧಾನಿ ಹತ್ತದ ರೈಲು

ಜೋ ರೈಟ್ ನಿರ್ದೇಶನದ ‘ಡಾರ್ಕೆಸ್ಟ್ ಅವರ್’ (2017) ಚಿತ್ರದಲ್ಲಿ ಕಥೆಯ ದಿಕ್ಕು ತಿರುಗುವುದು ನಡೆದೇ ಇಲ್ಲದ ಒಂದು ಪ್ರಸಂಗದಿಂದ. 1940ರ ಮೇ ಕೊನೆಯ ವಾರ. ಹಿಟ್ಲರನೊಡನೆ ಸಂಧಾನವೋ ಸಮರವೋ ಎಂದು ತೊಳಲಾಡುವ ಚರ್ಚಿಲ್ ಕಾರಿನಿಂದಿಳಿದು ಲಂಡನ್ನಿನ ನೆಲದಡಿ ರೈಲು ಹತ್ತುತ್ತಾರೆ, ಗಾರೆ ಕೆಲಸದವನಂಥ ಸಾಮಾನ್ಯರ ಅಭಿಪ್ರಾಯ ಕೇಳುತ್ತಾರೆ. ಡಬ್ಬಿಗೆ ಡಬ್ಬಿಯೇ ಶರಣಾಗತಿ ಬೇಡ ಎನ್ನುತ್ತದೆ. ಸಿನಿಮಾದವರು ಕಲ್ಪಿಸಿಕೊಳ್ಳಲಿ, ತಕರಾರಿಲ್ಲ. ಆದರೆ ಈ ದೃಶ್ಯ ಕೂತದ್ದು ಖಾಲಿ ಜಾಗದಲ್ಲಲ್ಲ. ಅಲ್ಲಿದ್ದ ಒಂದು ಸಮಿತಿಯನ್ನು ಎಬ್ಬಿಸಿ ಕಳಿಸಿ ಕೂತಿದೆ.

ಆ ಸಮಿತಿಯಲ್ಲಿದ್ದವರು ಐವರು: ಚರ್ಚಿಲ್, ಹಿಂದಿನ ಪ್ರಧಾನಿ ಚೇಂಬರ್ಲೇನ್, ವಿದೇಶಾಂಗ ಸಚಿವ ಹ್ಯಾಲಿಫ್ಯಾಕ್ಸ್, ಲೇಬರ್ ಪಕ್ಷದ ಅಟ್ಲಿ ಮತ್ತು ಗ್ರೀನ್‌ವುಡ್. ಮೇ 26ರಿಂದ 28ರವರೆಗಿನ ಮೂರು ದಿನಗಳಲ್ಲಿ ಈ ಯುದ್ಧ ಸಂಪುಟ ಒಂಬತ್ತು ಸಲ ಸೇರಿತು. ಮುಸೊಲಿನಿಯ ಮೂಲಕ ಷರತ್ತುಗಳೇನೆಂದು ವಿಚಾರಿಸೋಣ ಎಂಬುದು ಹ್ಯಾಲಿಫ್ಯಾಕ್ಸರ ವಾದ. ಇವರು ನಮಗೇನೂ ಅಪರಿಚಿತರಲ್ಲ. 1931ರಲ್ಲಿ ಗಾಂಧೀಜಿಯೊಡನೆ ಒಪ್ಪಂದ ಮಾಡಿಕೊಂಡ ವೈಸರಾಯ್ ಇರ್ವಿನ್ ಇವರೇ, ಆ ಮಾತುಕತೆಗೆ ಕೆಂಡಕಾರಿದವರು ಇದೇ ಚರ್ಚಿಲ್. ಹಾಗೆಂದು 1940ರಲ್ಲಿ ಚರ್ಚಿಲ್ ಒಮ್ಮೆಯೂ ಅಲುಗಲಿಲ್ಲ ಎನ್ನುವಂತಿಲ್ಲ. ಮಾಲ್ಟಾ, ಜಿಬ್ರಾಲ್ಟರ್, ಒಂದಿಷ್ಟು ಆಫ್ರಿಕದ ವಸಾಹತುಗಳನ್ನು ಕೊಟ್ಟು ಪಾರಾಗುವಂತಿದ್ದರೆ ಕೂಡಲೇ ಒಪ್ಪುವೆನೆಂದು ಅವರು ಹೇಳಿದ್ದನ್ನು ಚೇಂಬರ್ಲೇನ್ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಲೇಬರ್ ಪಕ್ಷದ ಇಬ್ಬರೂ ಸಂಧಾನಕ್ಕೆ ಅಡ್ಡನಿಂತರು. ಹೊಯ್ದಾಡುತ್ತಿದ್ದ ಚೇಂಬರ್ಲೇನ್ ಕಡೆಗೆ ಚರ್ಚಿಲ್ಲರತ್ತ ವಾಲಿದರು. ಕನ್ಸರ್ವೇಟಿವ್ ಪಕ್ಷದ ನಾಯಕತ್ವ ಆಗಲೂ ಚೇಂಬರ್ಲೇನರ ಕೈಯಲ್ಲೇ ಇದ್ದುದರಿಂದ ಅದಕ್ಕೆ ತೂಕವಿತ್ತು. ಚಿತ್ರದಲ್ಲಿ ಅವರು ಹ್ಯಾಲಿಫ್ಯಾಕ್ಸರ ಜೊತೆ ಸೇರಿ ಸಂಚು ಹೂಡುವವರು. ಅಟ್ಲಿ, ಗ್ರೀನ್‌ವುಡ್ ಹಿಂದಿನ ಸಾಲಿಗೆ ಸರಿದಿದ್ದಾರೆ. ಸಮಿತಿಯ ಕಥೆಗೆ ಮರಳಿದರೆ, 28ರ ಸಂಜೆ ಚರ್ಚಿಲ್ ಸಭೆಯನ್ನು ನಡುವೆಯೇ ನಿಲ್ಲಿಸಿದರು. ಯುದ್ಧ ಸಂಪುಟದಲ್ಲಿಲ್ಲದ ಸುಮಾರು 25 ಸಚಿವರನ್ನು ಕಂಡು, ಅವರ ಬೆಂಬಲದ ಕೂಗನ್ನು ಬೆನ್ನಿಗಿಟ್ಟುಕೊಂಡು ಏಳು ಗಂಟೆಗೆ ಮರಳಿದರು. ಹ್ಯಾಲಿಫ್ಯಾಕ್ಸರ ವಾದ ಬಿದ್ದುಹೋದದ್ದು ಈ ಪಟ್ಟಿನಿಂದ. ಮಾತಿನ ಮೋಡಿಗಿಂತ ಸಭೆ ನಡೆಸುವ ಜಾಣತನವೇ ಇಲ್ಲಿ ಹೆಚ್ಚು ದುಡಿದಿದೆ.

ರೈಲಿನ ದೃಶ್ಯ ಜನಮನದ ರೂಪಕ ಎಂದು ಸಮರ್ಥಿಸುವವರಿದ್ದಾರೆ. ಆದರೆ ಜನರಿಗೆ ಈ ಚರ್ಚೆಯ ಸುಳಿವೇ ಇರಲಿಲ್ಲ. ಯುದ್ಧ ಮುಗಿದ ಮೇಲೂ ಚರ್ಚಿಲ್ ಅದನ್ನು ಬಿಟ್ಟುಕೊಡಲಿಲ್ಲ. ಒಂಟಿಯಾಗಿ ಹೋರಾಡಬೇಕೇ ಎಂಬ ಪ್ರಶ್ನೆ ಸಂಪುಟದ ಕಾರ್ಯಸೂಚಿಗೇ ಬರಲಿಲ್ಲವೆಂದು 1949ರ ತಮ್ಮ ಪುಸ್ತಕದಲ್ಲಿ ಬರೆದರು. ಕಡತಗಳು ತೆರೆದದ್ದು 1970ರ ದಶಕದಲ್ಲಿ. ಚರ್ಚಿಲ್ಲರೇ ಅಡಗಿಸಿದ್ದ ಆ ಜಗಳವನ್ನು ಪರದೆಗೆ ತಂದದ್ದಕ್ಕಾಗಿ ಚಿತ್ರವನ್ನು ಮೆಚ್ಚಲೇಬೇಕು. ಇನ್ನು, ಮೇಜಿನ ಸುತ್ತಲಿನ ವಾದದಲ್ಲಿ ನಾಟಕವೆಲ್ಲಿದೆ ಎನ್ನುವವರು ಡನ್‌ಕರ್ಕಿನ ಲೆಕ್ಕ ನೋಡಬಹುದು. ಜೂನ್ 4ರ ಹೊತ್ತಿಗೆ ಆ ಫ್ರೆಂಚ್ ತೀರದಿಂದ ಕಡಲು ದಾಟಿ ಪಾರಾದ ಸೈನಿಕರು ಸುಮಾರು 3,38,000. ಹ್ಯಾಲಿಫ್ಯಾಕ್ಸರಿಗೆ ‘ಇಲ್ಲ’ ಎಂದ ಸಂಜೆ ಅದರ ಹತ್ತನೇ ಒಂದು ಪಾಲೂ ದಾಟಿರಲಿಲ್ಲ, ಬೆಲ್ಜಿಯಂ ಅದೇ ಬೆಳಿಗ್ಗೆ ಕೈಚೆಲ್ಲಿತ್ತು.