ಒಂದಿಂಚು ಮೇಲೆದ್ದ ಕಾರು, ನಾಲ್ಕಿಂಚಿನ ಹಂಪು

ಸ್ಪೋರ್ಟ್ಸ್ ಕಾರು ಅಂದ್ರೆ ನೆಲಕ್ಕೆ ಅಂಟಿಕೊಂಡಂತಿರಬೇಕು. ಇದು ಬರೀ ಶೋಕಿ ಅಲ್ಲ. ಭಾರದ ಕೇಂದ್ರ ಕೆಳಗಿದ್ದಷ್ಟೂ ತಿರುವಿನಲ್ಲಿ ಕಾರು ವಾಲುವುದು ಕಡಿಮೆ, ಟೈರುಗಳ ಹಿಡಿತ ಹೆಚ್ಚು. 1966ರಲ್ಲಿ ಲ ಮಾನ್ಸ್ ರೇಸ್ ಗೆದ್ದ ಫೋರ್ಡ್ ಜಿಟಿ40 ಹೆಸರಿನಲ್ಲಿರುವ 40, ಕಾರಿನ ಎತ್ತರ, ಅದೂ ಇಂಚುಗಳಲ್ಲಿ. ನಮ್ಮೂರ ಎತ್ತಿನ ಗಾಡಿಯ ಚಕ್ರವೇ ಅದಕ್ಕಿಂತ ಎತ್ತರ! ರೇಸ್ ಟ್ರ್ಯಾಕಿಗೆ ಅದೇನೋ ಸರಿ. ಅಂಥ ಕಾರಲ್ಲೇ ದಿನಾ ಆಫೀಸಿಗೆ ಹೋಗಬೇಕು ಅಂದ್ರೆ?

ಹಾಗೆ ಹೋಗೋಕೆ ಅಂತಲೇ ಇದ್ದ ಕಾರು ಇಂಗ್ಲೆಂಡಿನ ಎಂಜಿಬಿ. 1962ರಲ್ಲಿ ಬಂತು. ತಗ್ಗಾಗಿತ್ತು, ಹಗುರವಾಗಿತ್ತು, ಸಂಬಳದವರ ಕೈಗೆ ಎಟುಕುವಂತಿತ್ತು. ಅತಿ ಹೆಚ್ಚು ಮಾರಾಟವಾಗಿದ್ದು ಅಮೆರಿಕದಲ್ಲಿ. ತೊಂದರೆ ಶುರುವಾಗಿದ್ದೂ ಅಲ್ಲಿಂದಲೇ. 70ರ ದಶಕದಲ್ಲಿ ಅಲ್ಲಿನ ಸರ್ಕಾರ ಬಂಪರ್ ಗಟ್ಟಿಯಿರಬೇಕು, ಹೆಡ್‌ಲೈಟ್ ಇಂತಿಷ್ಟು ಎತ್ತರದಲ್ಲಿರಬೇಕು ಅಂತ ಕಾನೂನು ತಂತು. ಮುಂಭಾಗವನ್ನೇ ಹೊಸದಾಗಿ ವಿನ್ಯಾಸ ಮಾಡುವಷ್ಟು ದುಡ್ಡು ಬ್ರಿಟಿಷ್ ಲೇಲ್ಯಾಂಡ್ ಹತ್ರ ಇರಲಿಲ್ಲ. ಏನ್ ಮಾಡಿದ್ರು ಗೊತ್ತಾ? 1974ರ ಕೊನೆಯಲ್ಲಿ ಹೊಳೆಯುವ ಕ್ರೋಮ್ ಬಂಪರ್ ಕಿತ್ತು ಭಾರದ ಕಪ್ಪು ರಬ್ಬರ್ ಬಂಪರ್ ಹಾಕಿದ್ರು, ಇಡೀ ಕಾರನ್ನೇ ಒಂದರಿಂದ ಒಂದೂವರೆ ಇಂಚು ಮೇಲೆತ್ತಿಬಿಟ್ರು. ಸಾಲದ್ದಕ್ಕೆ ಖರ್ಚು ಉಳಿಸೋಕೆ ಅಂತ, ತಿರುವಿನಲ್ಲಿ ವಾಲದಂತೆ ತಡೆಯುವ ಮುಂದಿನ ಆಂಟಿ-ರೋಲ್ ಬಾರನ್ನೂ ಒಂದು ವರ್ಷ ತೆಗೆದರು. ಡೆಡ್‌ಲೈನ್ ಹಿಂದಿನ ರಾತ್ರಿ ನಾವು ಹಾಕುವ ಪ್ಯಾಚ್ ಇದ್ದಂಗೆ! ಟೆಸ್ಟ್ ಪಾಸಾಯ್ತು, ಕಾರು ಹಾಳಾಯ್ತು. 1977ರ ಮಾಡೆಲ್‌ನಲ್ಲಿ ಸಸ್ಪೆನ್ಷನ್ ಅನ್ನು ಸ್ವಲ್ಪ ಸರಿಮಾಡಿದರೂ ಎತ್ತರ ಮಾತ್ರ ಇಳಿಯಲಿಲ್ಲ. 1980ರಲ್ಲಿ ಉತ್ಪಾದನೆಯೇ ನಿಂತಿತು. ರಬ್ಬರ್ ಬಂಪರಿನ ಎಂಜಿಬಿ ಕೊಂಡವರು ಇವತ್ತಿಗೂ ಸ್ಪ್ರಿಂಗ್ ಬದಲಿಸಿ ಕಾರನ್ನು ಹಳೇ ಮಟ್ಟಕ್ಕೆ ಇಳಿಸಿಕೊಳ್ಳುತ್ತಾರೆ.

ಎತ್ತರ ಬೇಕಾದಾಗ ಏರಿಸಿ, ಬೇಡವಾದಾಗ ಇಳಿಸೋದು ಜಾಣತನ. 80ರ ದಶಕದಲ್ಲಿ ಪೋರ್ಶೆ 959 ಅದನ್ನೇ ಮಾಡಿತು: 120, 150, 180 ಮಿಲಿಮೀಟರ್, ಮೂರು ಎತ್ತರ. ವೇಗ ಹೆಚ್ಚಿದರೆ ತಾನೇ ಕೆಳಗಿಳಿಯುತ್ತಿತ್ತು. 1986ರ ಪ್ಯಾರಿಸ್-ಡಾಕರ್ ರ‍್ಯಾಲಿಯಲ್ಲಿ ಮೊದಲೆರಡು ಸ್ಥಾನ ಗೆದ್ದದ್ದೂ 959ಗಳೇ. ಬೆಲೆ ಮಾತ್ರ ಕೇಳಬೇಡಿ.

ಇನ್ನು ಹಂಪಿಗೆ ಬರೋಣ. ಎಂಜಿಬಿ ಮೇಲೆದ್ದ ಕಾಲದಲ್ಲೇ, 1973ರಲ್ಲಿ, ಬ್ರಿಟನ್ನಿನ ಸಾರಿಗೆ ಸಂಶೋಧನಾಲಯದ ವಾಟ್ಸ್ ಎಂಬುವರು ಹಂಪಿನ ಅಳತೆಗಳ ಬಗ್ಗೆ ವರದಿ ಕೊಟ್ಟರು. ಅವರ ಹೆಸರಲ್ಲೇ ಪ್ರಸಿದ್ಧವಾದ ಹಂಪಿನ ಎತ್ತರ 10 ಸೆಂಟಿಮೀಟರ್, ಅಂದ್ರೆ ನಾಲ್ಕಿಂಚು. ಅಗಲ 3.7 ಮೀಟರ್. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೇಳಿದ್ದೂ ಇದೇ ಅಳತೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಆ ಹಂಪಿನ ಕಮಾನಿನ ತ್ರಿಜ್ಯ ಸುಮಾರು 17 ಮೀಟರ್. ಮುಂದಿನ, ಹಿಂದಿನ ಚಕ್ರಗಳ ನಡುವೆ 2.6 ಮೀಟರ್ ಇರುವ ಕಾರು ಅದರ ಮೇಲೆ ನಿಂತರೆ ನಾಲ್ಕೂ ಚಕ್ರ ಹಂಪಿನ ಮೇಲೇ ಇರುತ್ತವೆ. ಹೊಟ್ಟೆಯ ಕೆಳಗೆ ಹಂಪು ಉಬ್ಬುವುದು ಬರೀ 5 ಸೆಂಟಿಮೀಟರ್. ನಿಧಾನಕ್ಕೆ ಹೋದರೆ 11-12 ಸೆಂಟಿಮೀಟರ್ ಕ್ಲಿಯರೆನ್ಸ್ ಇರುವ ಸ್ಪೋರ್ಟ್ಸ್ ಕಾರಿನ ಹೊಟ್ಟೆಯೂ ತಾಗೋದಿಲ್ಲ. ಆದ್ರೆ ನಮ್ಮ ಏರಿಯಾಗಳಲ್ಲಿ ರಾತ್ರೋರಾತ್ರಿ ಏಳುವ, ಒಂದಡಿ ಅಗಲದ ಹಂಪುಗಳಿವೆಯಲ್ಲ, ಅವು ಎರಡು ಚಕ್ರಗಳ ನಡುವೆ ಪೂರ್ತಿ ಕೂತುಬಿಡುತ್ತವೆ. ಆರಿಂಚು ಎತ್ತರ ಇದ್ದರೆ ಆರಿಂಚೂ ಹೊಟ್ಟೆಗೇ. ಸ್ಪೋರ್ಟ್ಸ್ ಕಾರು ಬಿಡಿ, ನಾಲ್ಕು ಜನ ಕೂತ ಮಾಮೂಲಿ ಸೆಡಾನ್ ಕೂಡ ಕರ್ ಅಂತ ಉಜ್ಜುತ್ತೆ. ಆಮೇಲೆ ನಾವು ಶೋರೂಮಿಗೆ ಹೋಗಿ "ಗ್ರೌಂಡ್ ಕ್ಲಿಯರೆನ್ಸ್ ಎಷ್ಟು?" ಅಂತ ಕೇಳಿ, ಎತ್ತರದ ಎಸ್‌ಯುವಿ ತಗೊಂಡು ಬರ್ತೀವಿ. ಹಂಪು ಹಾಕಿದವರನ್ನು ಯಾರೂ ಕೇಳಲ್ಲ.

ತಗ್ಗು ಕಾರಿನವರು ಹಂಪನ್ನು ಓರೆಯಾಗಿ ಹತ್ತಿಸ್ತಾರೆ, ಒಂದೊಂದೇ ಚಕ್ರ. ರಸ್ತೆ ಪೂರ್ತಿ ಅಡ್ಡ ಆಗುತ್ತೆ, ಹಿಂದಿನ ಆಟೋದವನು ಹಾರ್ನ್ ಹೊಡೀತಾ ಇರ್ತಾನೆ.