ಮಾರಿ ನೋಡಿ ಮಣೆ ಹಾಕಿದ ಚರಿತ್ರೆ

ಬೀದರ ಪಟ್ಟಣದ ನೌಬಾದದಲ್ಲಿ ಒಂದು ಸುರಂಗಬಾವಿ ಇದೆ. 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲಕ್ಕೆ, ಪರ್ಷಿಯಾದ ವಿದ್ಯೆಯಂತೆ ಕೆಂಪುಕಲ್ಲು ಕೊರೆದು ಮಾಡಿದ ನೆಲದೊಳಗಿನ ಕಾಲುವೆ, ಕಾರೇಜ್ ಅಂತಾರೆ. ಮೇಲೆ ನಿಂತವರಿಗೆ ಸಾಲು ಹಿಡಿದ ಬಾವಿಬಾಯಿಗಳಷ್ಟೇ ಕಾಣುತ್ತವೆ. ಒಳಗಿನ ಆಳ, ತಿರುವು ಇಳಿದವನಿಗೆ ಗೊತ್ತು. ಇಳಿಯದವನು ಊಹೆ ಮಾಡಬೇಕು. ಅದೂ ತಾನು ಮೊದಲು ಕಂಡ ಬಾವಿಗಳ ಲೆಕ್ಕದ ಮೇಲೆ.

ಫೋಟೋದೊಳಗಿನ ಮಾರಿಯೂ ಹಂಗ. ಕಾಗದದ ಮೇಲೆ ಮೂಗಿಗೆ ಎತ್ತರವಿಲ್ಲ, ಕಣ್ಣಿಗೆ ಗುಳಿಯಿಲ್ಲ; ಬೆಳಕು ನೆರಳು ಇಷ್ಟ. ಈಗ ಅಂಥ ಒಂದೇ ಫೋಟೋದಿಂದ ಇಡೀ ಮುಖವನ್ನು ಉಬ್ಬುತಗ್ಗುಗಳ ಸಮೇತ ಎಬ್ಬಿಸಿ ನಿಲ್ಲಿಸುವ ಯಂತ್ರವಿದ್ಯೆ ಬಂದಿದೆ. ನ್ಯೂರಲ್ ನೆಟ್‌ವರ್ಕ್ ಎನ್ನುತ್ತಾರೆ. ಅದರ ಜಾಣತನಕ್ಕೆ ನಾವು ಬೆರಗಾಗುವುದು ತಪ್ಪಲ್ಲ. ಆದರೆ ಈ ಯಂತ್ರ ಮೊದಲು ಯಾರ ಮುಖಗಳನ್ನು ಕಂಡು ಕಲಿಯಿತು ಎಂದೂ ಕೇಳಬೇಕು. ಯಾಕಂದ್ರ ಮುಖ ಅಳೆಯುವ ಕಸುಬು ನಮ್ಮ ಜನಕ್ಕೆ ಹೊಸದಲ್ಲ.

1901ರ ಜನಗಣತಿಯ ಕಮಿಷನರ್ ಆಗಿದ್ದ ಹರ್ಬರ್ಟ್ ರಿಸ್ಲೆ ಎಂಬ ಆಂಗ್ಲ ಅಧಿಕಾರಿ ಮೂಗು ಅಳೆದು ಜಾತಿ ತೂಗಿದವನು. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸುವುದು. 70ಕ್ಕಿಂತ ಕಡಿಮೆ ಬಂದರೆ ಸಣ್ಣ ಮೂಗು, 85 ದಾಟಿದರೆ ಅಗಲ ಮೂಗು. ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂದು ಅವನು ಸಿದ್ಧಾಂತ ಮಾಡಿದ. ಮುಖ ನೋಡಿ ಮಣೆ ಹಾಕುವ ನಮ್ಮ ಊರ ಗೌಡರ ಪದ್ಧತಿಗೆ ವಿಜ್ಞಾನದ ಮುದ್ರೆ ಒತ್ತಿದ, ಅಷ್ಟೆ. ಅವನ ಉಸ್ತುವಾರಿಯಲ್ಲಿ ನಡೆದ ಜಾತಿ ಸಮೀಕ್ಷೆಯ ಅಲೆ ನಿಜಾಮನ ರಾಜ್ಯಕ್ಕೂ ಬಂತು; ಬೀದರ, ಭಾಲ್ಕಿ, ಔರಾದ ಆಗ ಅದರಲ್ಲೇ ಇದ್ದವು. 1920ರಲ್ಲಿ ಸೈಯದ್ ಸಿರಾಜುಲ್ ಹಸನ್ ಬರೆದ ನಿಜಾಮ ಸಂಸ್ಥಾನದ ಜಾತಿಗಳ ದೊಡ್ಡ ಪುಸ್ತಕ ಅಚ್ಚಾಯಿತು. ಮಾಲ, ಮಾದಿಗ, ಮಾಂಗ ಎಲ್ಲರೂ ಅದರಲ್ಲಿದ್ದಾರೆ, ಬರೆಸಿಕೊಂಡವರಾಗಿ.

ಈ ಅಳತೆಗಳನ್ನು ತಿರುಗಿಸಿ ಹೊಡೆದವರು ಬಾಬಾಸಾಹೇಬರು. 1948ರಲ್ಲಿ ಬಂದ ಅಸ್ಪೃಶ್ಯರ ಕುರಿತ ಪುಸ್ತಕದಲ್ಲಿ ಅವರು ಸಮಾಜಶಾಸ್ತ್ರಜ್ಞ ಘುರ್ಯೆ ಕೊಟ್ಟಿದ್ದ ಮೂಗಿನ ಅಂಕಿಗಳನ್ನೇ ಎತ್ತಿಕೊಂಡು, ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಜನಾಂಗದವರು, ಅಸ್ಪೃಶ್ಯತೆಗೆ ಜನಾಂಗದ ಬುಡವಿಲ್ಲ ಎಂದು ತೋರಿಸಿದರು. ಅಂಕಿಗಳು ಅಚ್ಚಿನಲ್ಲಿದ್ದವು, ಓದಬಲ್ಲವನ ಕೈಗೆ ಸಿಕ್ಕವು. ಇದನ್ನು ನೆನಪಿಡಿ.

ಇನ್ನು ಕಂಪ್ಯೂಟರಿಗೆ ಬರೋಣ. 1999ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಫೋಲ್ಕರ್ ಬ್ಲಾಂಟ್ಸ್ ಮತ್ತು ಥಾಮಸ್ ಫೆಟರ್ ಎಂಬ ಇಬ್ಬರು 200 ಜನರ ತಲೆಗಳನ್ನು ಲೇಸರ್ ಕಿರಣದಿಂದ ಅಳೆದರು. ನೂರು ಗಂಡಸರು, ನೂರು ಹೆಂಗಸರು, ಬಹುತೇಕ ಎಲ್ಲರೂ ಬಿಳಿಯರು. ಅಷ್ಟೂ ಮುಖಗಳ ಸರಾಸರಿ ತೆಗೆದು, ಆ ಸರಾಸರಿಯಿಂದ ಮುಖಗಳು ಹೇಗೆ ಹೇಗೆ ಬೇರೆಯಾಗುತ್ತವೆ ಎಂಬುದನ್ನು ಅಂಕಿಗಳಲ್ಲಿ ಹಿಡಿದರು. ಹೊಸ ಫೋಟೋ ಯಾರದೇ ಬರಲಿ, ಈ ಮುಖಗಳನ್ನೇ ಬೆರೆಸಿ ಅದಕ್ಕೆ ಹೊಂದಿಸುವುದು. ಬೆರಕೆಯಲ್ಲಿ ಸಿಗದ ಮೂಗು ಸರಾಸರಿಯ ಕಡೆಗೇ ಜಗ್ಗುತ್ತದೆ. 2009ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯ ಇಂಥದೇ ಅಚ್ಚನ್ನು ಸಂಶೋಧಕರಿಗೆ ಹಂಚಿತು. ಮತ್ತೆ 200 ಮುಖ, ಮತ್ತೆ ಹೆಚ್ಚಿನವರು ಯುರೋಪಿನವರು.

ಯಂತ್ರಕ್ಕೆ ಕಲಿಸುವ ರೀತಿ ನಮ್ಮ ಸಾಲಿ ಮಾಸ್ತರರಿಗೆ ಬೇಗ ತಿಳಿಯುತ್ತದೆ. ಒಂದು ಫೋಟೋ ತೋರಿಸುತ್ತಾರೆ. ಅದು ಆಳವನ್ನು ಊಹಿಸುತ್ತದೆ, ಮೊದಮೊದಲು ಬಾಯಿಗೆ ಬಂದಂತೆ. ಸರಿ ಉತ್ತರದ ಪಕ್ಕ ಇಟ್ಟು ಎಷ್ಟು ತಪ್ಪಿತು ಎಣಿಸಿ, ಒಳಗಿನ ಲಕ್ಷಾಂತರ ಅಂಕಿಗಳನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ಆಮೇಲೆ ಮತ್ತೊಂದು ಫೋಟೋ. ಪಾಟಿಯ ಮೇಲೆ ತಿದ್ದಿ ತಿದ್ದಿ ಅಕ್ಷರ ಕಲಿತ ಹಾಗೆ. ಆದರೆ ಆ ಸರಿ ಉತ್ತರ ಬರೆದವರು ಯಾರು? 2016ರಲ್ಲಿ ತಯಾರಾದ ಒಂದು ಸಂಗ್ರಹದಲ್ಲಿ 60,000ಕ್ಕೂ ಹೆಚ್ಚು ಚಿತ್ರಗಳಿದ್ದವು. 2017ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನವರು ಅದರಿಂದಲೇ ತಮ್ಮ ನೆಟ್‌ವರ್ಕಿಗೆ ಪಾಠ ಹೇಳಿದರು. ಆ ಚಿತ್ರಗಳ ಆಳವನ್ನು ಯಾರೂ ಅಳೆದಿರಲಿಲ್ಲ. ಮುಖದ ಆಕಾರಕ್ಕೆ ಬಾಸೆಲ್ಲಿನ ಅಚ್ಚನ್ನೇ ಕೂಡಿಸಿ ಉತ್ತರ ಬರೆದಿದ್ದರು. ಚಿತ್ರ ಅರವತ್ತು ಸಾವಿರ, ಆಕಾರದ ಗುರುಗಳು ಇನ್ನೂರೇ!

ದೊಡ್ಡ ಸಂಗ್ರಹಗಳೂ ಬಂದಿವೆ, ಇಲ್ಲವೆನ್ನುವುದಿಲ್ಲ; 2016ರಲ್ಲೇ ಲಂಡನ್ನಿನಲ್ಲಿ 9,663 ಜನರ ಮುಖದಿಂದ ಒಂದು ಅಚ್ಚು ಮಾಡಿದರು. ಬಣ್ಣದ ಮಾತು ಮಾತ್ರ ಹಠ ಹಿಡಿದು ಕೂತಿದೆ. ಫೋಟೋದಲ್ಲಿ ಮುಖ ಕಪ್ಪಾಗಿ ಕಂಡರೆ ಎರಡು ಕಾರಣ ಇರಬಹುದು: ಚರ್ಮ ಕಪ್ಪು, ಇಲ್ಲವೇ ಬೆಳಕು ಕಡಿಮೆ. ಬಿಳಿ ಮುಖಗಳನ್ನೇ ಕಂಡ ಯಂತ್ರ ಬೆಳಕು ಕಡಿಮೆ ಎಂದು ತೀರ್ಮಾನಿಸಿ ಮುಖಕ್ಕೆ ಬಿಳುಪು ಬಳಿಯುತ್ತದೆ. 2022ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರೇ ಈ ಪಕ್ಷಪಾತವನ್ನು ಎತ್ತಿ ತೋರಿಸಿ ತಿದ್ದುವ ದಾರಿ ಹುಡುಕಿದರು. ನಮ್ಮ ಪಟದಂಗಡಿಗಳು ಮದುವೆ ಹುಡುಗಿಗೆ ಪುಕ್ಕಟೆ ಮಾಡಿಕೊಡುವ ಕೆಲಸ ಇದು ಎಂದು ನಗಬಹುದು. ನಗು ಬಾಯಿತನಕ ಬರುವುದಿಲ್ಲ.

ರಿಸ್ಲೆಯ ಅಂಕಿಗಳನ್ನು ಓದಬಹುದಿತ್ತು. ಯಂತ್ರದ ಒಳಗಿನ ಅಂಕಿಗಳನ್ನು ಹಾಗೆ ಓದಲಾಗದು. ಹೊರಗಿನಿಂದ ಪರೀಕ್ಷಿಸಬಹುದು. ಆಫ್ರಿಕಾ ಮೂಲದ ಇಬ್ಬರು ಹೆಣ್ಣುಮಕ್ಕಳು, ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು, 2018ರಲ್ಲಿ ಅದನ್ನೇ ಮಾಡಿದರು. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ದೊಡ್ಡ ಕಂಪನಿಗಳ ಯಂತ್ರಗಳನ್ನು ಪರೀಕ್ಷೆಗೆ ಕೂರಿಸಿದರು. ಬಿಳಿ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ನೂರಕ್ಕೆ 0.8, ಕಪ್ಪು ಹೆಂಗಸರಲ್ಲಿ 34.7ರವರೆಗೆ.

2025ರ ಜುಲೈ 1ರಿಂದ ಅಂಗನವಾಡಿಯ ಮನೆ-ರೇಷನ್ನಿಗೂ ಮುಖ ತೋರಿಸಬೇಕಾಗಿದೆ; ಪೋಷಣ್ ಟ್ರ್ಯಾಕರ್ ಆ್ಯಪ್ ತಾಯಿಯ ಮುಖವನ್ನು ನೋಂದಾಯಿಸಿದ ಫೋಟೋದ ಜೊತೆ ಹೋಲಿಸುತ್ತದೆ. ಇದು ಆಳ ಎಬ್ಬಿಸುವ ಯಂತ್ರವಲ್ಲ, ಹೋಲಿಸುವ ಯಂತ್ರ. ಆದರೂ ಕೇಳಬೇಕಾದ ಪ್ರಶ್ನೆ ಅದೇ. ಎಷ್ಟು ತಾಯಂದಿರ ಮುಖ ಹೊಂದಲಿಲ್ಲ, ಅವರು ಯಾವ ಕೇರಿಯವರು, ಎಷ್ಟು ಸಲ ತಿರುಗಿದರು, ಕೊನೆಗೆ ಹಿಟ್ಟಿನ ಪೊಟ್ಟಣ ಸಿಕ್ಕಿತೋ ಇಲ್ಲವೋ. ನೂರು ಪುಟದ ಒಂದು ನೋಟ್‌ಬುಕ್ಕು, ನಾಲ್ಕು ಗೆರೆ. ಭಾಲ್ಕಿ, ಔರಾದದ ಗೆಳೆಯರು ಬರೆಯತೊಡಗಿದರೆ ನಾವು ಇಲ್ಲಿ ಅಚ್ಚು ಹಾಕುತ್ತೇವೆ.